ನಮ್ಮ ಮನೆಗೆ ಬಾರದ ಪಲ್ಯ

ಪಕ್ಕದ ಮನೆಯ ಗಂಗಮ್ಮ ಹಿತ್ತಲಲ್ಲಿ ಕುಸಿದು ಕುಳಿತು ರಕ್ತ ಕಾರುತ್ತಿದ್ದಳು. ಓಡಿಹೋಗಿ ತಲೆ ಹಿಡಿದುಕೊಂಡೆ. “ಏನ್ ತಿಂದೀಯವ್ವಾ?” ಎಂದೆ.

“ಸೋರಿಕಾಯಿ ಪಲ್ಲೆ, ಅಕ್ಕಾ. ಕಹಿ ಇತ್ತು, ಮಕ್ಕಳಿಗೆ ಹಾಕಲಿಲ್ಲ. ಬ್ಯಾಸಗಿಯೆಲ್ಲಾ ಪಾತ್ರಿ ತೊಳೆದ ನೀರು ಹಾಕಿ ಬೆಳೆಸಿದ್ದೆ. ತಿಪ್ಪಿಗೆ ಹೆಂಗ ಚೆಲ್ಲಲಿ?”

ಆಟೋದಲ್ಲಿ ಕೂಡ್ಲಿಗಿಗೆ ಒಯ್ದೆವು. ಕಹಿಯಾದ ಸೋರೆಕಾಯಿ ವಿಷ ಎಂದು ವೈದ್ಯರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಹಾಗಲಕಾಯಿ ತಿನ್ನುವ ನಾವು, ಕಹಿಯೆಲ್ಲ ಮೈಗೆ ಒಳ್ಳೆಯದೆಂದೇ ನಂಬಿದ್ದೆವು. ಗಂಗಮ್ಮ ಉಳಿಯಲಿಲ್ಲ.

ಹಿತ್ತಲ ಬಳ್ಳಿಯ ಮೊದಲ ಕಾಯಿ ಕೊಯ್ದ ದಿನ ನಮ್ಮ ಮನೆಗೂ ಒಂದು ಬಟ್ಟಲು ಪಲ್ಯ ಕಳಿಸದೆ ಅವಳು ಉಣ್ಣುತ್ತಿರಲಿಲ್ಲ. ಅಂದು ಕಳಿಸಲಿಲ್ಲ. ಅದಕ್ಕೇ ನನ್ನ ಮಕ್ಕಳು ಈಗ ಅಂಗಳದಲ್ಲಿ ಅವಳ ಮಕ್ಕಳೊಂದಿಗೆ ಆಡುತ್ತಿದ್ದಾರೆ.