ಅಪೊಲೋನಿಯಾ ಎಂಬ ಸಾರು

"ನಮ್ಮ ಮನೆಯಲ್ಲಿ ಪ್ರತಿ ಪೆರ್ನಾಳಿಗೂ ಅಪೊಲೋನಿಯಾ ಮಾಡ್ತೇವೆ" ಎಂದು ಪಕ್ಕದ ಕುರ್ಚಿಯ ಹೆಂಗಸು ಹೇಳಿದಾಗ, ಅಪೊಲೋನಿಯಾ ಕುಡಿಯುತ್ತಿದ್ದ ಶರಬತ್ತು ನೆತ್ತಿಗೆ ಹತ್ತಿತು.

ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ಹೆಂಗಸು ಬೆನ್ನು ತಟ್ಟಿದಳು. ಹೆಸರು ಝಹ್ರಾ, ಮಂಗಳೂರಿನ ಬಂದರಿನವಳು; ಪೆರ್ನಾಳು ಎಂದರೆ ಅವರ ಈದ್ ಹಬ್ಬ. ಅವಳ ಗಂಡ ಜಮಾಲುದ್ದೀನ್ ನೌಕಾಪಡೆಯಲ್ಲಿ ಅಪೊಲೋನಿಯಾಳ ಗಂಡ ಡೆನಿಸನ ಜೊತೆ ಒಂದೇ ಹಡಗಿನಲ್ಲಿದ್ದವನು. ಹಳೇ ಹಡಗಿನ ಗೆಳೆಯರೆಲ್ಲ ಕೆಲವು ವರ್ಷಕ್ಕೊಮ್ಮೆ ಎಲ್ಲಾದರೂ ಸೇರುವುದುಂಟು. ಮುಂಬೈ, ಕೊಚ್ಚಿ, ವಿಶಾಖಪಟ್ಟಣ ಎಲ್ಲ ಮುಗಿದು ಈ ಸಲ ಮಂಗಳೂರಿನ ಸರದಿ. ಬಿಜೈಯ ಸಭಾಭವನದಲ್ಲಿ ತಲೆ ನರೆತ ಗಂಡಸರು ಒಬ್ಬರ ಹೊಟ್ಟೆಯನ್ನು ಒಬ್ಬರು ತಟ್ಟಿಕೊಂಡು ನಗುತ್ತಿದ್ದರು. ಅಪೊಲೋನಿಯಾ ಇಂಥ ಕೂಟಕ್ಕೆ ಬಂದದ್ದು ಇದೇ ಮೊದಲು. ಅದೇ ಊರಿನ ಕುಲಶೇಖರದ ಮನೆಯಿಂದ ಬಿಜೈಗೆ ಬರುವುದಕ್ಕೂ ನೆಪ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಬಂದಿದ್ದಳು, ಅಷ್ಟೆ.

"ಎಂತ ಮಾಡ್ತೀರಿ ಅಂದ್ರಿ?" ಎಂದು ಕೇಳಿದಳು, ಸೆರಗಿನಲ್ಲಿ ಮೂಗು ಒರೆಸುತ್ತ.

"ಅಪೊಲೋನಿಯಾ. ಕೋಳಿ ಸಾರು. ನಿಮ್ಮ ಡೆನಿಸ್ ಚೀಫ್ ಹಡಗಿನಲ್ಲಿ ಮಾಡ್ತಾ ಇದ್ದದ್ದೇ ಅಲ್ವಾ? ತೆಂಗಿನಕಾಯಿ ಹುರಿದು ಅರೆದು, ಹುಳಿಗೆ ಬಿಂಬುಳಿಕಾಯಿ ಹಾಕಿ. ಇವರು ಅಲ್ಲಿಂದ ಕಲಿತು ಬಂದು ನನಗೆ ಕಲಿಸಿದ್ದು. ನಿಮಗೆ ಗೊತ್ತಿಲ್ವಾ?" ಝಹ್ರಾ ಅಚ್ಚರಿಯಿಂದ ನೋಡಿದಳು. "ನಿಮ್ಮ ಹೆಸರು ಕೇಳಿಯೇ ಇಲ್ಲ ನೋಡಿ ನಾನು."

ಅಪೊಲೋನಿಯಾ ಹೆಸರು ಹೇಳಲಿಲ್ಲ. ಕಿವಿಯ ತುದಿಯವರೆಗೆ ಬಿಸಿ ಏರಿತು. ತೆಂಗಿನಕಾಯಿ, ಬಿಂಬುಳಿ, ಕೋಳಿ. ಆ ಮೂರೂ ಒಟ್ಟಿಗೆ ಸೇರಿದ ಸಾರು ಲೋಕದಲ್ಲಿ ಒಂದೇ ಒಂದು. ಅದು ಅವಳ ಅಡುಗೆಮನೆಯಲ್ಲಿ, ಅವಳ ಮದುವೆಯ ಮೊದಲ ವರ್ಷದಲ್ಲಿ, ಅವಳ ಕೈಯಲ್ಲೇ ಹಾಳಾದದ್ದು.

ಆ ದಿನ ಅವಳಿಗೆ ನಿನ್ನೆಯ ಹಾಗೆ ನೆನಪಿತ್ತು. ಗಂಡ ರಜೆ ಸಿಕ್ಕಿ ಮನೆಗೆ ಬಂದಿದ್ದಾನೆ. ಅವನು ನೌಕಾಪಡೆಯ ಅಡುಗೆಯವನು. ಇವಳು ಆಸ್ಪತ್ರೆಯ ನರ್ಸ್. ಡ್ಯೂಟಿ ಮುಗಿಸಿ ಓಡೋಡಿ ಬಂದು ಒಲೆ ಹಚ್ಚಿದವಳು. ಹುರಿಯಲು ಇಟ್ಟ ತೆಂಗಿನಕಾಯಿಯನ್ನು ಬಿಟ್ಟು ಬಾಗಿಲಿಗೆ ಬಂದ ನೆರೆಯವರ ಜೊತೆ ಎರಡು ಮಾತು ಆಡಿದ್ದೇ ತಪ್ಪಾಯಿತು. ಮರಳಿ ಬಂದಾಗ ಬಾಣಲೆ ಹೊಗೆಯಾಡುತ್ತಿತ್ತು. ಮನೆಯಲ್ಲಿ ಬೇರೆ ತೆಂಗಿನಕಾಯಿ ಇಲ್ಲ. ಸೀದದ್ದನ್ನೇ ಅರೆದು, ಕಹಿ ಮುಚ್ಚಲು ಹಿತ್ತಲಿನ ಮರದಿಂದ ಒಂದು ಹಿಡಿ ಬಿಂಬುಳಿ ಕಿತ್ತು ಹಾಕಿದಳು. ಮೀನಿಗೆ ಹಾಕುವ ಬಿಂಬುಳಿಯನ್ನು ಯಾರಾದರೂ ಕೋಳಿಗೆ ಹಾಕುತ್ತಾರೆಯೇ! ಡೆನಿಸ್ ಒಂದು ತುತ್ತು ತಿಂದು, ತಲೆ ಎತ್ತಿ, "ಇದಕ್ಕೆ ಎಂತ ಹಾಕಿದ್ದಿ?" ಎಂದು ಕೇಳಿದ. ಅವಳು "ಎಂತ ಇಲ್ಲ, ಯಾವಾಗಲೂ ಹಾಕುವುದೇ" ಎಂದಳು. ಅವನು ಬಟ್ಟಲು ಬರಿದು ಮಾಡಿ ಎದ್ದು ಹೋದ.

ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಮದುವೆಯಾದ ಲಾಗಾಯ್ತಿನಿಂದ ಅವನ ಗುಣವೇ ಅದು. ಉಣ್ಣುವಾಗ ಪರೀಕ್ಷೆಯ ಪೇಪರು ತಿದ್ದುವ ಮೇಷ್ಟ್ರ ಮುಖ. ಮುಂದಿನ ಪ್ರತಿ ರಜೆಯಲ್ಲೂ ಅವಳು ಅದೇ ಸಾರನ್ನು ಬಿಂಬುಳಿ ಹಾಕಿ, ಸೀಯದ ಹಾಗೆ ನೋಡಿಕೊಂಡು, ಪಟ್ಟು ಹಿಡಿದು ಮಾಡಿದಳು. ಅವನು ಪ್ರತಿ ಸಲವೂ "ಅವತ್ತು ಎಂತದೋ ಹಾಕಿದ್ದಿ" ಎನ್ನುತ್ತಿದ್ದ. ಕೊನೆಗೊಂದು ಮಳೆಗಾಲದ ರಜೆಯಲ್ಲಿ ಅವನು ಅರ್ಧ ತಿಂದು ಬಟ್ಟಲು ಸರಿಸಿ ಅಂಗಳಕ್ಕೆ ಹೋಗಿಬಿಟ್ಟ. ಅನ್ನ ಬಿಟ್ಟು ಏಳುವವನೇ ಅಲ್ಲ ಅವನು. ಅಪೊಲೋನಿಯಾ ಉಳಿದದ್ದನ್ನು ನಾಯಿಗೆ ಹಾಕಿದಳು. ಅಂದಿನಿಂದ ಆ ಸಾರು ಅವಳ ಮನೆಯಲ್ಲಿ ಆಗಲಿಲ್ಲ. ಅವನು ಕೇಳಲೂ ಇಲ್ಲ. ನಿವೃತ್ತನಾಗಿ ಬಂದ ಮೇಲೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. "ಅಲ್ಲಿ ಸಾಕಾಗುವಷ್ಟು ಮಾಡಿದ್ದೇನೆ, ಇದು ನಿನ್ನ ಜಾಗ" ಎಂದಿದ್ದ. ನಾನು ಮಾಡಿದ್ದನ್ನು ಸಹಿಸಿಕೊಂಡು ಉಣ್ಣುತ್ತಾನೆ ಈ ಮನುಷ್ಯ ಎಂದೇ ಅವಳು ಇಷ್ಟು ವರ್ಷ ಬಾಳಿದ್ದಳು.

ಈಗ ಗೊತ್ತಾಯಿತಲ್ಲ! ಸಹಿಸಿಕೊಂಡದ್ದೂ ಅಲ್ಲ. ಇಡೀ ಹಡಗಿಗೆ ಹೇಳಿ ನಗಾಡಿದ್ದಾನೆ. ಹಾಳಾದ ಸಾರಿಗೆ ಹೆಂಡತಿಯ ಹೆಸರಿಟ್ಟು ಬಡಿಸಿದ್ದಾನೆ. ಬಂದರಿನ ಝಹ್ರಾಳ ಅಡುಗೆಮನೆಯವರೆಗೂ ತನ್ನ ಮಾನ ಹೋಗಿದೆ.

"ಅಪೊಲೋನಿಯಾ" ಎಂದಳು ಕೊನೆಗೆ, ಹಲ್ಲು ಕಚ್ಚಿ.

"ಹೌದು, ಅದೇ ಸಾರು" ಎಂದಳು ಝಹ್ರಾ.

"ಅಲ್ಲ. ನನ್ನ ಹೆಸರು."

ಝಹ್ರಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಆ ಹೆಂಗಸು ಮಾಡಿದ ಕೆಲಸವನ್ನು ಅಪೊಲೋನಿಯಾ ಕ್ಷಮಿಸಲು ತುಸು ಹೊತ್ತು ಬೇಕಾಯಿತು. ಎದ್ದು ನಿಂತು, ಗಂಡಸರ ಗುಂಪಿನ ಕಡೆ ತಿರುಗಿ, "ಇಲ್ಲಿ ನೋಡಿ, ಅಪೊಲೋನಿಯಾ ಅಂದ್ರೆ ಚೀಫಿನ ಹೆಂಡತಿ ಅಂತೆ!" ಎಂದು ಕೂಗಿಬಿಟ್ಟಳು.

ಪಂಜಾಬಿನಿಂದ ಬಂದಿದ್ದ ಪಗಡಿಯ ಮುದುಕನೊಬ್ಬ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ಎದ್ದ. ಅವನ ಹಿಂದೆ ಮತ್ತೊಬ್ಬ, ಮಗದೊಬ್ಬ. ನಗುವರೆಂದು ಅಪೊಲೋನಿಯಾ ಕಾದಳು. ಯಾರೂ ನಗಲಿಲ್ಲ. ಆ ಮುದುಕ ಹತ್ತಿರ ಬಂದು, ಎರಡೂ ಕೈ ಜೋಡಿಸಿ, ಹಿಂದಿಯಲ್ಲಿ ಏನೋ ಹೇಳಿ ತಲೆ ಬಗ್ಗಿಸಿದ. ಅವಳಿಗೆ ದಿಕ್ಕೇ ತೋಚಲಿಲ್ಲ. ಗಂಡನನ್ನು ಹುಡುಕಿಕೊಂಡು ನೇರ ಹಿಂದಿನ ಅಡುಗೆಯ ಜಾಗಕ್ಕೆ ನಡೆದಳು. ಅವನು ಬೆಳಿಗ್ಗೆಯೇ, ಕ್ಯಾಟರಿಂಗ್‌ನವರನ್ನು ನೋಡಿಕೊಳ್ಳಬೇಕು ಎಂದು ಹೇಳಿ ಮನೆ ಬಿಟ್ಟಿದ್ದ.

ಬಾಗಿಲಲ್ಲೇ ನಿಂತುಬಿಟ್ಟಳು. ಡೆನಿಸ್ ಅಂಗಿಯ ತೋಳು ಮಡಚಿ, ಸೊಂಟಕ್ಕೆ ಬಟ್ಟೆ ಬಿಗಿದು, ಒಲೆಯ ಮುಂದೆ ನಿಂತಿದ್ದ. ಬಲಗೈಯಲ್ಲಿ ಉದ್ದನೆಯ ಸಟ್ಟುಗ, ಎಡಗೈ ಪಕ್ಕದ ಕಂಬದ ಮೇಲೆ. ನೆಲ ಅಲುಗುತ್ತಿಲ್ಲ, ಇದು ಬಿಜೈ. ಆದರೂ ಕಾಲು ಅಗಲಿಸಿ ಕಂಬ ಹಿಡಿದೇ ಮಗುಚುತ್ತಿದ್ದ. ಹಡಗು ವಾಲಿದರೆ ಚೆಲ್ಲಬಾರದು ಎಂಬಂತೆ ಪಾತ್ರೆಯಲ್ಲಿ ಸಾರು ಅರ್ಧಕ್ಕಿಂತ ಮೇಲೆ ಇರಲಿಲ್ಲ. ಗಂಡ ಅಡುಗೆ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಬಾಳಿನಲ್ಲಿ ಅದೇ ಮೊದಲ ಸಲ. ಒಂದು ಕ್ಷಣ ಬೇರೆ ಯಾರೋ ಎಂದು ತೋರಿತು.

"ಬಾಯಮ್ಮ, ನೀವು ಇಲ್ಲಿಗೆ ಯಾಕೆ ಬಂದ್ರಿ? ಸೆಕೆ ಉಂಟು" ಎಂದ ನೋಣಯ್ಯ. ಪಡೀಲಿನವನು, ಹಡಗಿನ ಅಡುಗೆಮನೆಯಲ್ಲಿ ಡೆನಿಸನ ಕೈಕೆಳಗೆ ಬಹಳ ಕಾಲ ಇದ್ದವನು, ಈಗಲೂ ಹಬ್ಬಕ್ಕೆ ಮನೆಗೆ ಬಂದು ಹೋಗುವವನು, ಚೀಫನ ಹೆಂಡತಿಯನ್ನು ಗೌರವದಿಂದ ಬಾಯಮ್ಮ ಎನ್ನುವವನು. ಅವನು ಈರುಳ್ಳಿ ಹೆಚ್ಚುತ್ತಿದ್ದ.

"ನೋಣಯ್ಯ, ನೀನಾದ್ರೂ ಸತ್ಯ ಹೇಳು. ನನ್ನ ಹೆಸರಿಟ್ಟು ಎಷ್ಟು ವರ್ಷ ತಮಾಷೆ ಮಾಡಿದ್ರಿ ನೀವೆಲ್ಲ?"

ನೋಣಯ್ಯನ ಕೈ ನಿಂತಿತು. ಅವನು ಚೀಫನ ಕಡೆ ನೋಡಿದ. ಡೆನಿಸ್ ತಿರುಗಲಿಲ್ಲ, ಆದರೆ ಸಟ್ಟುಗವೂ ನಿಂತಿತ್ತು.

"ತಮಾಷೆಯಾ? ಎಂತ ಹೇಳ್ತೀರಿ ಬಾಯಮ್ಮ!" ನೋಣಯ್ಯ ಬಟ್ಟೆಗೆ ಕೈ ಒರೆಸಿಕೊಂಡ. "ಇವರು ಎಂಜಿನ್ ರೂಮಿಗೆ ಹೋಗ್ತೇನೆ ಅಂತ ನೇವಿಗೆ ಸೇರಿದವರು. ಮಂಗಳೂರಿನ ಕ್ರಿಶ್ಚಿಯನ್ ಅಂದ್ರೆ ಅಡುಗೆ ಗೊತ್ತೇ ಇರ್ತದೆ ಅಂತ ಆಫೀಸರುಗಳೇ ತೀರ್ಮಾನ ಮಾಡಿ ಗ್ಯಾಲಿ ಅಡುಗೆಮನೆಗೆ ದೂಡಿದ್ದು. ಅನ್ನ ಬೇಯಿಸ್ಲಿಕ್ಕೆ ಬರ್ತಿರಲಿಲ್ಲ ಇವರಿಗೆ. ಬೈಗುಳ ತಿಂದು ತಿಂದು ಕಲಿತದ್ದು. ಕಡಲು ಎದ್ದ ದಿನ ಪಾತ್ರೆಯನ್ನು ಸರಳಿಗೆ ಕಟ್ಟಿ, ಒಂದು ಕೈ ಪಾತ್ರೆಗೆ, ಒಂದು ಕೈ ಜೀವಕ್ಕೆ ಅಂತ ನಿಂತು ಮಾಡ್ಬೇಕು. ಬೇಳೆ, ಬಟಾಟೆ, ಚಪಾತಿ. ಯಾರೂ ಒಳ್ಳೇದು ಅಂತ ಹೇಳುವುದಿಲ್ಲ. ಒಂದು ಸಲ ರಜೆ ಮುಗಿಸಿ ಬಂದವರು ಒಂದು ಕೋಳಿ ಸಾರು ಮಾಡಿದ್ರು. ಆ ದಿನ ಇಡೀ ಹಡಗು ಎರಡೆರಡು ಸಲ ಬಡಿಸಿಕೊಂಡಿತು. ಮಾರನೇ ವಾರ ಬೋರ್ಡಿನಲ್ಲಿ ಊಟದ ಹೆಸರು ಬರೀಲಿಕ್ಕೆ ಕೇಳಿದಾಗ ಇವರು ಬರೆದದ್ದು ಅಪೊಲೋನಿಯಾ ಅಂತ. ಅದು ಯಾವುದೋ ಗೋವಾದ ಅಡುಗೆ ಅಂತ ಹೆಚ್ಚಿನವರು ತಿಳಿದದ್ದು. ಕಷ್ಟದ ದಿನ ಬಂದ್ರೆ ಹುಡುಗರು ಕೇಳುವುದು ಒಂದೇ: ಚೀಫ್, ಇವತ್ತು ಅಪೊಲೋನಿಯಾ ಉಂಟಾ?"

ರಜೆ ಮುಗಿಸಿ ಹೊರಡುವಾಗಲೆಲ್ಲ ಡೆನಿಸ್ ಉಪ್ಪು ಹಾಕಿ ಒಣಗಿಸಿದ ಬಿಂಬುಳಿಯನ್ನು ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದದ್ದು ಅವಳಿಗೆ ನೆನಪಾಯಿತು. ಆಫೀಸರುಗಳಿಗೆ ಉಪ್ಪಿನಕಾಯಿ ಹಾಕಲಿಕ್ಕೆ ಎಂದುಕೊಂಡು ಅವಳೇ ಒಣಗಿಸಿಕೊಟ್ಟಿದ್ದಳು. ಬಿಸಿಲಿಗೆ ಹರಡುವುದು ಅವಳು, ಕಾಗೆ ಓಡಿಸುವುದು ಅವಳು. ಅವಳು ಗೋಡೆಗೆ ಒರಗಿ ನಿಂತಳು.

"ಹಾಗಾದ್ರೆ ಆ ಮಳೆಗಾಲ ಮನೆಯಲ್ಲಿ ಯಾಕೆ ಅರ್ಧಕ್ಕೆ ಬಿಟ್ಟು ಎದ್ದದ್ದು?" ಈ ಪ್ರಶ್ನೆ ಗಂಡನ ಬೆನ್ನಿಗೆ. ಎಷ್ಟೋ ವರ್ಷ ಬಾಯಿಯ ತುದಿಗೆ ಬಂದು ಮರಳಿ ಹೋದ ಮಾತು ಈಗ ನೋಣಯ್ಯನ ಎದುರೇ ಹೊರಬಿತ್ತು. "ನನ್ನ ಅಡುಗೆ ನಿಮ್ಮ ಗಂಟಲಲ್ಲಿ ಇಳಿಯುವುದಿಲ್ಲ ಅಂತ ನಾನು ಮತ್ತೆ ಅದನ್ನು ಮಾಡಲೇ ಇಲ್ಲ. ನೀವು ಒಂದು ಮಾತು ಕೇಳಲಿಲ್ಲ."

ಡೆನಿಸ್ ಒಲೆ ಸಣ್ಣ ಮಾಡಿದ. ಆದರೂ ತಿರುಗಲಿಲ್ಲ. ಉತ್ತರ ಹೇಳಿದ್ದು ನೋಣಯ್ಯ. ಹೇಳುವ ಮುಂಚೆ ಅವನು ಮೇಜಿನ ಕೊನೆಗೆ ಬೆರಳು ತೋರಿಸಿದ. ಅಲ್ಲಿ ಒಂದು ಸ್ಟೀಲಿನ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಕವುಚಿ ಇಟ್ಟಿತ್ತು.

"ಅದು ಮೊರಿಸನದ್ದು ಬಾಯಮ್ಮ. ಎಂಜಿನ್ ರೂಮಿನವನು, ನಮ್ಮ ಊರಿನ ಕಡೆಯವನೇ. ಇವರ ದೊಡ್ಡ ದೋಸ್ತಿ. ಆ ಮಳೆಗಾಲ ಕಡಲು ಜೋರಿತ್ತು. ಅವನು ಬಂದು, ನನ್ನ ಅಪೊಲೋನಿಯಾ ಮುಚ್ಚಿ ಇಡು ಚೀಫ್, ಮೇಲೆ ಸಣ್ಣ ಕೆಲಸ ಉಂಟು, ಮುಗಿಸಿ ಬರ್ತೇನೆ ಅಂತ ಹೇಳಿ ಹೋದ. ಡೆಕ್ಕಿನ ಮೇಲೆ ಒಂದು ತೆರೆ ಬಂತು. ಅಷ್ಟೆ. ಹುಡುಕಿದ್ರು, ಸಿಗಲಿಲ್ಲ. ಇವರು ಆ ತಟ್ಟೆಯನ್ನು ತೆಗೀಲಿಕ್ಕೆ ಯಾರನ್ನೂ ಬಿಡಲಿಲ್ಲ. ಕೊನೆಗೆ ಕ್ಯಾಪ್ಟನ್ ಬಂದು ಹೇಳಬೇಕಾಯ್ತು. ಅದಾದ ಮೇಲೇ ಇವರು ರಜೆಗೆ ಊರಿಗೆ ಬಂದದ್ದು."

ಮೊರಿಸ್ ಎಂಬ ಹೆಸರನ್ನು ಅಪೊಲೋನಿಯಾ ಈವರೆಗೆ ಕೇಳಿಯೇ ಇರಲಿಲ್ಲ. ಅಷ್ಟು ದೊಡ್ಡ ಸಾವನ್ನು ಹೊತ್ತುಕೊಂಡು ಮನೆಗೆ ಬಂದವನ ಮುಂದೆ, ಗೊತ್ತಿಲ್ಲದೆ, ಅದೇ ಸಾರನ್ನು ಬಿಸಿಬಿಸಿ ಬಡಿಸಿದ್ದಳು. ಆಮೇಲೆ ಸಿಟ್ಟಿನಿಂದ ನಾಯಿಗೆ ಹಾಕಿದ್ದಳು.

"ಆಮೇಲೂ ಇವರು ಹಡಗಿನಲ್ಲಿ ಅದನ್ನು ಮಾಡಿದ್ರು" ಎಂದ ನೋಣಯ್ಯ, ತಗ್ಗಿದ ದನಿಯಲ್ಲಿ. "ಹುಡುಗರು ಕೇಳ್ತಿದ್ರು, ಮಾಡಿಕೊಡ್ತಿದ್ರು. ಮೊದಲ ತಟ್ಟೆ ಮೊರಿಸನಿಗೆ ಮುಚ್ಚಿ ಇಡುವುದು. ಉಪ್ಪು ನೋಡುವ ಕೆಲಸ ನನ್ನದು. ಇವರು ನಾಲಗೆಗೆ ಒಂದು ಹನಿ ಮುಟ್ಟಿಸ್ಲಿಲ್ಲ. ಇವತ್ತಿನವರೆಗೆ."

ಅಪೊಲೋನಿಯಾ ಒಲೆಯ ಹತ್ತಿರ ಹೋದಳು. ಗಂಡನ ಕೈಯಿಂದ ಸಟ್ಟುಗ ತೆಗೆದುಕೊಂಡು, ಅಂಗೈ ಮೇಲೆ ಒಂದು ತೊಟ್ಟು ಸಾರು ಬಿಟ್ಟು ನೆಕ್ಕಿದಳು.

ಮೊದಲು ಬಿಂಬುಳಿಯ ಹುಳಿ. ಅದರ ಹಿಂದೆ, ನಾಲಗೆಯ ಬುಡಕ್ಕೆ, ಸೀದ ತೆಂಗಿನಕಾಯಿ. ತಪ್ಪಿ ಸೀದದ್ದಲ್ಲ, ಅವತ್ತಿನಷ್ಟೇ, ಅವತ್ತಿನಂತೆಯೇ ಸೀದದ್ದು. ಅವಳು ಮುಚ್ಚಿಟ್ಟ ತಪ್ಪನ್ನು ಈ ಮನುಷ್ಯ ಎಲ್ಲೋ ನಡು ಕಡಲಲ್ಲಿ ನಿಂತು, ಹಿಟ್ಟಿನಂಥ ಒಣ ತೆಂಗಿನಕಾಯಿಯನ್ನು ಬಾಣಲೆಯಲ್ಲಿ ಮತ್ತೆ ಮತ್ತೆ ಕರಕಲು ಮಾಡಿ, ಹುಡುಕಿ ಹಿಡಿದಿದ್ದ.

"ನಿಮಗೆ ಗೊತ್ತಿತ್ತಾ?" ಎಂದಳು. "ಅವತ್ತು ಬಾಗಿಲಿಗೆ ಬಂದವರ ಜೊತೆ ಎರಡು ಮಾತಾಡಿ ಬರುವಷ್ಟರಲ್ಲಿ ಸೀದು ಹೋಗಿತ್ತು. ನಾನು ಸುಳ್ಳು ಹೇಳಿದ್ದು."

ಡೆನಿಸ್ ಕೊನೆಗೂ ತಿರುಗಿದ. ಹೊಗೆಗೋ ಮತ್ತೊಂದಕ್ಕೋ ಅವನ ಕಣ್ಣು ಕೆಂಪಾಗಿತ್ತು. "ಮೊದಲು ಗೊತ್ತಾಗಲಿಲ್ಲ. ಅದಕ್ಕೇ ಕೇಳಿದ್ದು. ನೀನು ಹೇಳಲಿಲ್ಲ. ಹುಡುಗರಿಗೆ ಸೇರಿತು, ಆದರೆ ಹಡಗಿನಲ್ಲಿ ಎಷ್ಟು ಸಲ ಮಾಡಿದರೂ ಅವತ್ತಿನ ರುಚಿ ಬರಲಿಲ್ಲ. ಒಂದು ದಿನ ನೋಣಯ್ಯ ತೆಂಗಿನಕಾಯಿ ಸುಟ್ಟು ಹಾಕಿದ, ಬೈಯಲಿಕ್ಕೆ ಅಂತ ಬಾಯಿ ತೆರೆದವನಿಗೆ ಪರಿಮಳ ಬಂತು. ಆವಾಗ ಗೊತ್ತಾಯಿತು."

"ಹೇಳಬಾರದಿತ್ತಾ?"

"ಎಂತ ಹೇಳುವುದು? ನೀನು ಸೀಯಿಸಿದ್ದು ಅಂತ ಹೇಳಿದ್ರೆ ನಿನಗೆ ಬೇಜಾರಾಗ್ತದೆ." ಅವನು ಸೊಂಟದ ಬಟ್ಟೆ ಬಿಚ್ಚಿದ. "ಊರು ಬಿಟ್ಟು ಹೋದವನಿಗೆ ನನ್ನದು ಅಂತ ಇರುವ ಮನೆಯಲ್ಲಿ ಒಬ್ಬರು ಬಡಿಸಿದ್ದು ಅದು. ಬೇರೆ ಹೆಸರು ನನಗೆ ಹೊಳೆಯಲಿಲ್ಲ."

ಇಷ್ಟು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಉಂಡವರು ತಾವಿಬ್ಬರು. ಈ ಮಾತು ಹೊರಗೆ ಬರಲು ಬಂದರಿನ ಹೆಂಗಸೊಬ್ಬಳ ಪೆರ್ನಾಳಿನ ಊಟ ಬೇಕಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಒಟ್ಟಿಗೆ ಮಾಡಿದಳು. ನೋಣಯ್ಯ ಈರುಳ್ಳಿಯ ಬುಟ್ಟಿ ಎತ್ತಿಕೊಂಡು ಸುಮ್ಮನೆ ಹೊರಗೆ ಹೋದ.

ಮೂಗು ಒರೆಸಿಕೊಂಡು ಅವಳು ಇನ್ನೊಂದು ತಟ್ಟೆ ತೆಗೆದಳು. ಅನ್ನ ಹಾಕಿ, ಸಾರು ಹಾಕಿ, ಒಂದು ಕೋಳಿ ತುಂಡು ಆರಿಸಿ ಇಟ್ಟು, ಮೊರಿಸನ ಮುಚ್ಚಿದ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಸ್ಟೂಲು ಎಳೆದಳು.

"ಕೂತ್ಕೊಳ್ಳಿ. ಅವನ ಜೊತೆಗೇ ತಿನ್ನಿ. ನಾನು ಇಲ್ಲೇ ನಿಂತಿರ್ತೇನೆ."

ಡೆನಿಸ್ ಒಲೆ ಆರಿಸಿದ. ಸಭಾಭವನದಲ್ಲಿ ಗಂಡಸರು ಊಟಕ್ಕೆ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಅವನು ಕೂತ, ಶಿಲುಬೆಯ ಗುರುತು ಮಾಡಿದ, ಮೊದಲ ತುತ್ತು ಕಲಸಿ ಬಾಯಿಗಿಟ್ಟ. ನುಂಗಲು ಕಷ್ಟಪಟ್ಟ. ಎರಡನೆಯದು ಸುಲಭವಾಗಿ ಇಳಿಯಿತು. ಆಮೇಲೆ ನಿಲ್ಲಿಸಲಿಲ್ಲ. ಅಪೊಲೋನಿಯಾ ಪಕ್ಕದಲ್ಲಿ ನಿಂತು, ತಟ್ಟೆ ಖಾಲಿಯಾಗುವವರೆಗೆ ಕಾದಳು.

"ನಾಳೆ ಮನೆಯಲ್ಲಿ ನಾನು ಮಾಡ್ತೇನೆ" ಎಂದಳು. "ಸರಿಯಾಗಿ, ಸೀಯದ ಹಾಗೆ ನೋಡಿಕೊಂಡು."

ಡೆನಿಸ್ ಬೆರಳು ನೆಕ್ಕಿ ತಲೆ ಎತ್ತಿದ.

"ಬೇಡ" ಎಂದ. "ಬಾಗಿಲಿಗೆ ಯಾರಾದ್ರೂ ಬಂದ್ರೆ ಹೋಗಿ ಎರಡು ಮಾತಾಡಿ ಬಾ."