ಫ್ಯೂಸಣ್ಣ ಕೇಳದೆ ಹೋದ ಹಾಡು

ಊರಿಗೆಲ್ಲ ಅವನು ಫ್ಯೂಸಣ್ಣ. ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ವಾರ್ಡಿನ ಫ್ಯಾನಿನಿಂದ ಹಿಡಿದು ದೊಡ್ಡ ಡಾಕ್ಟರ ಮನೆಯ ಮಿಕ್ಸಿಯವರೆಗೆ ಏನು ಕೆಟ್ಟರೂ ಅವನಿಗೇ ಕರೆ. ಕರೆಯದಿದ್ದರೂ ಹೋಗುತ್ತಾನೆ, ಅದೇ ಅವನ ರೋಗ. ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ ಟ್ಯೂಬ್‌ಲೈಟ್ ಮಿಣುಕಿದರೆ ತಟ್ಟೆ ಬಿಟ್ಟು ಸ್ಟೂಲ್ ಹತ್ತುವ ಆಸಾಮಿ.

ಇಂಥವನಿಗೆ ಇದ್ದದ್ದು ಒಂದೇ ಹುಚ್ಚು, ಹಾಡಿನದು. ಅದೂ ಒಬ್ಬಳೇ ಗಾಯಕಿಯದು. ಆಕೆಯ ಕ್ಯಾಸೆಟ್ಟುಗಳನ್ನು ಸವೆಯುವಷ್ಟು ಕೇಳಿದ್ದ, ಎದುರಿಗೆ ಕೂತು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಕೂದಲು ಬೆಳ್ಳಗಾಗಿತ್ತು. ಈ ಬೇಸಿಗೆಯ ಶುರುವಿನಲ್ಲಿ ಆಕೆ, ವಯಸ್ಸಾಯಿತು, ಇವೇ ನನ್ನ ಕೊನೆಯ ಕಾರ್ಯಕ್ರಮಗಳು ಎಂದುಬಿಟ್ಟರು. ಫ್ಯೂಸಣ್ಣ ತಡಮಾಡಲಿಲ್ಲ. ಸುತ್ತಮುತ್ತ ಆಕೆ ಹಾಡುವ ಕಡೆಗೆಲ್ಲ ಟಿಕೆಟ್ ತೆಗೆಸಿದ. ಪ್ರತಿ ಸಲ ಕೊನೆಗೆ ಆಕೆ ಒಂದು ಲಾಲಿ ಹಾಡುತ್ತಿದ್ದರು. ಅದೊಂದನ್ನು ಪೂರ್ತಿ ಕೇಳಿದರೆ ಸಾಕು, ಇನ್ನೇನೂ ಬೇಡ ಅನ್ನುತ್ತಿದ್ದ.

ಮೊದಲನೆಯದು ಅವನೂರಲ್ಲೇ. ನಾಲ್ಕು ಹಾಡು ಆಗುವಷ್ಟರಲ್ಲಿ ಮೈಕು ಗುಂಯ್‌ಗುಡತೊಡಗಿತು. ಸಂಘಟಕನೊಬ್ಬ ಸಾಲಿನಲ್ಲಿ ಇವನನ್ನು ಕಂಡಿದ್ದೇ ತಡ, "ನೀವಿದ್ದೀರಲ್ಲ, ಬದುಕಿದೆ. ಒಂಚೂರು ಬನ್ನಿ ಅಣ್ಣಾ" ಎಂದು ಎಬ್ಬಿಸಿಕೊಂಡು ಹೋದ. ಇವನು ವೇದಿಕೆಯ ಕೆಳಗೆ ತೂರಿ ವೈರು ತಡಕುತ್ತಿದ್ದಾಗಲೇ ಮೇಲೆ ಲಾಲಿ ಮುಗಿಯಿತು. ಹಲಗೆಗೆ ಯಾರದೋ ಕಾಲು ತಾಳ ಕುಟ್ಟಿದ್ದಷ್ಟೇ ಕಿವಿಗೆ ಬಿದ್ದದ್ದು.

ಎರಡನೆಯದು ಪರವೂರಿನಲ್ಲಿ. ಅಲ್ಲಿ ಯಾರೂ ಕರೆಯುವವರಿರಲಿಲ್ಲ. ಆದರೆ ಎಡಗಡೆಯ ಸ್ಪೀಕರು ಚರಚರ ಅನ್ನುತ್ತಿತ್ತು. ಉಳಿದವರಿಗೆ ಅದು ಕೇಳಿಸಲೇ ಇಲ್ಲ, ಇವನಿಗೆ ಅದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎಷ್ಟು ಹೊತ್ತೂಂತ ಹಲ್ಲು ಕಚ್ಚಿಕೊಂಡು ಕೂತಾನು? ಮೆಲ್ಲಗೆ ಎದ್ದು ಸ್ಪೀಕರಿನ ಹಿಂದೆ ಬಗ್ಗಿದ. ಕಾವಲುಗಾರ ಬಂದವನೇ ಕಾಲರು ಹಿಡಿದ. ವೈರು ಕದಿಯಲು ಬಂದವನಲ್ಲ ಎಂದು ಅವನನ್ನು ನಂಬಿಸುವಷ್ಟರಲ್ಲಿ ಜನ ಚಪ್ಪಲಿ ಹುಡುಕುತ್ತಿದ್ದರು.

"ದುಡ್ಡು ಕೊಟ್ಟು ಒಳಗೆ ಹೋಗಿ, ಚಾಕರಿ ಮಾಡ್ಕೊಂಡು ಬರೋರು ಲೋಕದಲ್ಲಿ ನೀವೊಬ್ರೇ," ಎಂದು ಹೆಂಡತಿ ತಲೆ ಚಚ್ಚಿಕೊಂಡಳು. ಅವಳಿಗೆ ಹಾಡಿನ ಗಂಧಗಾಳಿ ಇಲ್ಲ. ಆದರೂ, "ಕೊನೇದಕ್ಕೆ ನಾನೂ ಬರ್ತೀನಿ. ಅದು ಹೇಗೆ ಎದ್ದೇಳ್ತೀರೋ ನೋಡೇಬಿಡ್ತೀನಿ" ಎಂದಳು.

ಆ ಸಂಜೆ ಬಯಲು ಕಿಕ್ಕಿರಿದಿತ್ತು. ಅವನನ್ನು ಒಳಗೆ ಕೂರಿಸಿ ದಾರಿಯ ಕಡೆ ಅವಳು ಕೂತಳು. ಮೈಕು ತಂಟೆ ಮಾಡಲಿಲ್ಲ, ಸ್ಪೀಕರು ಚೊಕ್ಕವಾಗಿತ್ತು. ಫ್ಯೂಸಣ್ಣ ಕಣ್ಣು ಮುಚ್ಚಿ ತಲೆದೂಗಿದ. ಇನ್ನೇನು ಲಾಲಿ ಶುರುವಾಗಬೇಕು, ಕರೆಂಟು ಹೋಯಿತು.

"ಕೂತ್ಕೊಳ್ಳಿ," ಎಂದಳು ಹೆಂಡತಿ.

"ಎರಡೇ ನಿಮಿಷ ಕಣೇ. ಮೈಕಿಲ್ದೆ ಹಾಡ್ತಾರಾ? ಎದ್ದು ಹೋಗ್ಬಿಟ್ರೆ?"

"ಯಾರಾದ್ರೂ ನೋಡ್ಕೋತಾರೆ, ಕೂತ್ಕೊಳ್ಳೀಂದ್ರೆ."

ಕೇಳುವ ಜೀವವೇ ಅದು? ಅವಳ ಮೊಣಕಾಲು ದಾಟಿ ಹೋಗಿಯೇಬಿಟ್ಟ. ಬಯಲಿನ ಆಚೆ ತುದಿಯ ದಪ್ಪ ಗೋಡೆಯ ಹಿಂದೆ ಜನರೇಟರು ಅನಾಥವಾಗಿ ನಿಂತಿತ್ತು, ಅದರವನು ಟೀ ಕುಡಿಯಲು ಹೋಗಿದ್ದ. ಫ್ಯೂಸಣ್ಣ ತಾನೇ ಚಾಲೂ ಮಾಡಿದ. ಎಂಜಿನ್ನು ಕಿವಿಯ ಪಕ್ಕದಲ್ಲೇ ಅಬ್ಬರಿಸತೊಡಗಿತು. ಲೈನು ಬದಲಿಸುವ ಸ್ವಿಚ್ಚು ಕಚ್ಚಿಕೊಂಡಿತ್ತು. ತಾಯಿ, ಹೋಗಿಬಿಡಬೇಡ, ಈಗ ಬಂತು ಎಂದು ಗೊಣಗುತ್ತ, ಬೆವರು ಸುರಿಸಿ, ಅದನ್ನು ಸಡಿಲಿಸಿ ತಳ್ಳಿದ. ಬಯಲೆಲ್ಲ ಝಗ್ಗನೆ ಬೆಳಗಿತು. ಸ್ಪೀಕರು ಕಿರ್ರೆಂದು ಕಿರುಚಿತು.

ಒಂದು ಚಪ್ಪಾಳೆಯಾದರೂ ಬಿದ್ದೀತು ಎಂದು ಗೋಡೆ ಸುತ್ತಿ ಓಡಿ ಬಂದ. ಜನ ಒಬ್ಬರೂ ಅಲುಗಾಡದೆ ಕೂತಿದ್ದರು. ವೇದಿಕೆಯ ಅಂಚಿಗೇ ಬಂದು ನಿಂತಿದ್ದ ಗಾಯಕಿ ಬೆಳಕಿಗೆ ಕಣ್ಣು ಕಿರಿದು ಮಾಡಿ, ಸಣ್ಣಗೆ ನಕ್ಕು, ತಲೆಬಾಗಿ ಒಳಗೆ ಹೋದರು. ಮತ್ತೆ ಬರಲಿಲ್ಲ.

ಹೆಂಡತಿಯ ಕೆನ್ನೆ ಒದ್ದೆಯಾಗಿತ್ತು. "ಮೈಕಿಲ್ದೇನೇ ಹಾಡಿದ್ರು ಕಣ್ರೀ, ಆ ಲಾಲೀನ. ಅಷ್ಟು ಜನ, ಒಂದು ಕೆಮ್ಮಿಲ್ಲ. ಅವ್ರು ನಡುವೆ ಉಸಿರು ತಗೊಂಡಿದ್ದೂ ಕೇಳಿಸ್ತು. ಹಾಡಿನ ಕೊನೇ ಸಾಲಿಗೆ ಬಂದಿದ್ರು, ಯಾವನೋ ಪುಣ್ಯಾತ್ಮ ಲೈಟ್ ಹಾಕಿ ಕೆಡಿಸ್ಬಿಟ್ಟ..."

ಅಷ್ಟಕ್ಕೇ ಅವಳ ಮಾತು ನಿಂತಿತು. ಅವನ ಅಂಗೈಯ ಎಣ್ಣೆ ಮಸಿ ಕಣ್ಣಿಗೆ ಬಿದ್ದಿತ್ತು. ಹಿಂದಿನ ಸಾಲಿನವರು ಆ ಪುಣ್ಯಾತ್ಮನಿಗೆ ಇನ್ನೂ ಶಾಪ ಹಾಕುತ್ತಿದ್ದರು.

ಬಸ್ಸಿನಲ್ಲಿ ಅವಳು ಕಿಟಕಿ ಬಿಟ್ಟುಕೊಟ್ಟಳು. ನೀರು ಕೊಟ್ಟಳು. ಎರಡು ನಿಲ್ದಾಣ ದಾಟಿದ ಮೇಲೆ ಸೆರಗಿನ ತುದಿಯಿಂದ ಅವನ ಅಂಗೈಯ ಮಸಿ ಒರೆಸಿದಳು.

"ಬೈಯೇ," ಎಂದ. "ಒಂದ್ಸಲ ಬೈದ್ಬಿಡು."

ಅವಳು ಬೈಯಲಿಲ್ಲ.