ಎಡಗಡೆಯ ಕಣತಲೆ

ದೂರದಲ್ಲಿ ಮಗನಿಗೆ ಪೆಟ್ಟಾದಾಗ ಇಲ್ಲಿ ತಾಯಿಗೆ ಸಂಕಟವಾಯಿತು ಎಂಬಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಹೇಳುವವರ ಮುಖ ನೋಡಿ, ಇದರಿಂದ ಇವರಿಗೇನು ಲಾಭವಿರಬಹುದು ಎಂದು ಯೋಚಿಸುವ ಸ್ವಭಾವ ನನ್ನದು. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವೂ ನನ್ನನ್ನು ಹಾಗೆಯೇ ನೋಡಿದರೆ ತಪ್ಪು ತಿಳಿಯುವುದಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿರಗುಪ್ಪಿಯಲ್ಲಿ ನಮ್ಮದು ಕಬ್ಬು ಬೆಳೆಯುವ ಮನೆತನ. ಆ ಚಳಿಗಾಲದಲ್ಲಿ ವಯಸ್ಸಾದ ನನ್ನ ಅತ್ತೆಗೆ ತಲೆಯ ಬಲಭಾಗ ನೋಯತೊಡಗಿತು. ನಾನು ತಲೆ ಬಾಚಲು ಕೂತರೆ, "ಕೂದಲಾ ಜಗ್ಗಬ್ಯಾಡ. ನೀ ಬೇಕಂತನ ಮಾಡ್ತಿ" ಎನ್ನುತ್ತಿದ್ದರು. ಅರ್ಧ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋತು ತಟ್ಟೆ ಸರಿಸುತ್ತಿದ್ದರು. ರೊಟ್ಟಿ ಗಟ್ಟಿಯಾಗಿದೆ ಎಂದು ಆ ತಪ್ಪೂ ನನ್ನ ಮೇಲೆಯೇ ಬಂತು. ನಮ್ಮಿಬ್ಬರ ನಡುವೆ ಹೇಳಿಕೊಳ್ಳುವಂಥ ಪ್ರೀತಿ ಇರಲಿಲ್ಲ.

ಒಂದು ಬೆಳಿಗ್ಗೆ, ಬಲಗಣ್ಣಿಗೆ ಪರದೆ ಬಿದ್ದಂತಾಗಿದೆ ಎಂದರು. ಕಬ್ಬಿನ ಹಂಗಾಮು, ಸಕ್ಕರೆ ಕಾರ್ಖಾನೆಯ ಕೆಲಸ ಬಿಟ್ಟು ನನ್ನ ಗಂಡ ಬರುವಂತಿರಲಿಲ್ಲ. ನಾನೇ ಹಟ ಹಿಡಿದು ಭಾವನನ್ನು, ಅಂದರೆ ಗಂಡನ ಅಣ್ಣನನ್ನು, ಹೊರಡಿಸಿದೆ. ಅತ್ತೆಯನ್ನು ಕರೆದುಕೊಂಡು ಮಿರಜದ ಒಂದು ಆಸ್ಪತ್ರೆಗೆ ಹೋದೆವು.

ಡಾಕ್ಟರು ಅತ್ತೆಯ ಕಣ್ಣು ನೋಡಿ, ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ತಲಿಗೆ ರಕ್ತಾ ಒಯ್ಯೂ ನರಾ ಬಾತಿರಬೇಕು ಅಂತ ಸಂಶೇ ಐತ್ರಿ. ಗುಳಿಗಿ ಇವತ್ತ ಚಾಲೂ ಮಾಡೂಣು, ಇಲ್ಲಂದ್ರ ಇನ್ನೊಂದು ಕಣ್ಣೂ ಹೋದೀತು. ಖಾತ್ರಿ ಮಾಡ್ಕೊಳ್ಳಾಕ ಕಣತಲಿ ಕೊಯ್ದು, ನರದ್ದೊಂದು ಸಣ್ಣ ತುಣುಕು ತಗದು ನೋಡಬೇಕು. ಘಾಬರಿ ಆಗಬ್ಯಾಡ್ರಿ."

ಭಾವನಿಗೆ ಇದು ಸರಿಬರಲಿಲ್ಲ. ಹೊರಗೆ ಬಂದು, "ಕಣ್ಣಿನ ರೋಗಕ್ಕ ಕಣತಲಿ ಯಾಕ ಕೊಯ್ತಾರ? ಕಲಿಯೂ ಹುಡುಗರಿಗೆ ತೋರಸಾಕ ನಮ್ಮವ್ವನ ತಲೀನ ಬೇಕಾತೇನು?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಾತು ಕೇಳಿ ಬಂದೇವಿ. ಏನರ ಆದ್ರ ನೀನ ಜವಾಬ್ದಾರಿ" ಎಂದ. ಅತ್ತೆ ಆ ದಿನ ನನ್ನ ಕೈಯಿಂದ ನೀರು ಕುಡಿಯಲಿಲ್ಲ.

ಮರುದಿನ ಮಧ್ಯಾಹ್ನ ನರ್ಸು ಅತ್ತೆಯ ಬಲಗಡೆಯ ಕೂದಲು ತೆಗೆದು ಒಳಗೆ ಕರೆದೊಯ್ದಳು. ಬಾಗಿಲು ಮುಚ್ಚಿತು. ಭಾವ, ನಾನು ಹೊರಗಿನ ಬೆಂಚಿನ ಮೇಲೆ ದೂರದೂರ ಕೂತೆವು.

ಕೆಲ ಹೊತ್ತಿಗೆ ನನ್ನ ಎಡ ಕಣತಲೆ ಜೋಮು ಹಿಡಿಯಿತು. ಕೈಯಿಟ್ಟರೆ ಚರ್ಮ ನನ್ನದಲ್ಲ ಎನಿಸಿತು. ಆಮೇಲೆ ಒಳಗಿನಿಂದ ಯಾರೋ ದಾರ ಎಳೆದ ಹಾಗಾಯಿತು. ನೋವಿರಲಿಲ್ಲ, ಬರೀ ಎಳೆತ. ನನಗೆ ತಿಳಿಯದೆಯೇ ಬಾಯಿಂದ ಮಾತು ಬಂತು: "ಎಡಗಡೆ ಕೊಯ್ಯಾಕತ್ತಾರ."

"ಬಲಗಡೆ. ಕೂದಲಾ ತಗದದ್ದು ನೋಡೀಯಲ್ಲ?" ಎಂದ ಭಾವ.

"ಇಲ್ರಿ, ಎಡಗಡೆ" ಎಂದೆ. ಯಾಕೆ ಅಷ್ಟು ಖಚಿತವಾಗಿ ಹೇಳಿದೆನೋ ತಿಳಿಯದು.

ಅತ್ತೆಯನ್ನು ಹೊರಗೆ ತಂದಾಗ ಪಟ್ಟಿ ಎಡಗಡೆಗಿತ್ತು. ಭಾವ ನೇರ ಡಾಕ್ಟರ ಎದುರು ಹೋಗಿ ನಿಂತ. ಅವರು ಸಿಟ್ಟಾಗಲಿಲ್ಲ. "ಬಲಗಡೆ ನರಾ ಕೈಗೆ ಸಿಗಲಿಲ್ರಿ. ಎಡಗಡಿದು ಗಂಟ ಗಂಟ ಆಗಿತ್ತು. ಅಜ್ಜಿನ್ನ ಕೇಳೇ ಆ ಕಡೆ ತಗದೇವಿ" ಎಂದರು. ಅದನ್ನು ಯಾವಾಗ ನಿರ್ಧರಿಸಿದಿರಿ ಎಂದು ನಾನು ಕೇಳಿದೆ. ಟೇಬಲ್ಲಿನ ಮೇಲೆ ಮಲಗಿಸಿದ ನಂತರ ಎಂದರು.

ಆ ತುಣುಕಿನಲ್ಲಿ ಅವರು ಹೇಳಿದ ರೋಗವೇ ಇತ್ತು. ಗುಳಿಗೆ ಮುಂದುವರಿಯಿತು. ಬಲಗಣ್ಣು ಮರಳಲಿಲ್ಲ, ಎಡಗಣ್ಣು ಉಳಿಯಿತು. ಎಡಗಡೆ ಕೊಯ್ದಾಗ ಏನನ್ನಿಸಿತು ಎಂದು ಅತ್ತೆಯನ್ನು ಕೇಳಿದ್ದೆ. "ಸೂಜಿ ಚುಚ್ಚಿದ್ದಷ್ಟ ಗೊತ್ತು. ಆಮ್ಯಾಲೆ ದಾರಾ ಜಗ್ಗಿದಂಗ ಆತು" ಎಂದರು. ನನಗಾದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ.

ಹೆತ್ತ ತಾಯಿಯಾಗಿದ್ದರೆ ಕರುಳಿನ ಸಂಬಂಧ ಎಂದು ಸುಮ್ಮನಾಗುತ್ತಿದ್ದೆ. ಒಳಗಿನ ಮಾತು ಬಾಗಿಲ ಸಂದಿಯಿಂದ ಕಿವಿಗೆ ಬಿದ್ದಿರಬಹುದೇ ಎಂದೂ ಯೋಚಿಸಿದೆ. ಆದರೆ ಬಾಗಿಲಿಗೆ ನನಗಿಂತ ಹತ್ತಿರ ಕೂತಿದ್ದ ಭಾವನಿಗೆ ಏನೂ ಕೇಳಿಸಿರಲಿಲ್ಲ. ಅವನದು ಬೇರೆಯೇ ಸಂಶಯ. ಊರಿಗೆ ಮರಳುವ ಬಸ್ಸಿನಲ್ಲಿ, "ಡಾಕ್ಟರ್ ನಿನಗ ಮೊದಲ ಹೇಳಿದ್ರೇನು?" ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದೆ. ನಂಬಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅವನ ಹೆಂಡತಿಗೆ ಹೊಟ್ಟೆಯ ಆಪರೇಷನ್ನು ನಿಗದಿಯಾಯಿತು. ಜೊತೆಗೆ ಹೋಗಲೆಂದು ನಾನು ಸೀರೆ ಬದಲಿಸಿ ಬಂದೆ. ಭಾವ ಜೀಪಿನ ಬಾಗಿಲಿಗೆ ಅಡ್ಡ ನಿಂತ. "ಯವ್ವಾ, ನೀ ಮನ್ಯಾಗ ಇರು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನಾನೂ ಒತ್ತಾಯ ಮಾಡಲಿಲ್ಲ. ಆ ಬಾಗಿಲ ಹೊರಗೆ ಕೂತರೆ ಈ ಸಲ ಏನು ತಿಳಿದೀತೋ ಎಂದು ಅವನಿಗಿಂತ ನನಗೇ ಹೆಚ್ಚು ಹೆದರಿಕೆಯಾಗಿತ್ತು.